ಹವಾಮಾನ ಬಜೆಟ್

ನಗರಾಡಳಿತವೊಂದು ತನ್ನ ಹವಾಮಾನ ಕ್ರಿಯಾಯೋಜನೆಯನ್ನು ವಾರ್ಷಿಕ ಆಯವ್ಯಯದೊಳಗೇ ಸೇರಿಸಿ, ರೊಕ್ಕಕ್ಕೆ ಲೆಕ್ಕ ಇಡುವಂತೆ ಹಸಿರುಮನೆ ಅನಿಲಗಳಿಗೂ ಲೆಕ್ಕ ಇಡುವ ಪದ್ಧತಿ. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 2016ರಲ್ಲಿ ರೂಪುಗೊಂಡು, 2017ರ ಬಜೆಟ್ಟಿನೊಂದಿಗೆ ಜಾರಿಗೆ ಬಂತು. ಅನಂತರ ಲಂಡನ್, ನ್ಯೂಯಾರ್ಕ್, ಮುಂಬೈ ಮೊದಲಾದ ನಗರಗಳು ಇದನ್ನು ತಮ್ಮ ತಮ್ಮ ರೀತಿಯಲ್ಲಿ ಅಳವಡಿಸಿಕೊಂಡವು.

ನಗರಗಳು ಹವಾಮಾನದ ಗುರಿ ಇಟ್ಟುಕೊಳ್ಳುವುದು ಇದಕ್ಕಿಂತ ಹಳೆಯದು. 1988ರಲ್ಲಿ ಟೊರಾಂಟೋದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಬೆನ್ನಿಗೇ, 1990ರಲ್ಲಿ, ಆ ನಗರದ ಪರಿಷತ್ತು ಇಂಗಾಲದ ಹೊರಸೂಸುವಿಕೆಯನ್ನು ಶೇ. 20ರಷ್ಟು ಇಳಿಸುವ ನಿರ್ಣಯ ಕೈಗೊಂಡಿತು. 2005ರಲ್ಲಿ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ ಅವರ ಮುಂದಾಳತ್ವದಲ್ಲಿ ಮಹಾನಗರಗಳು ಸೇರಿ ಕಟ್ಟಿದ ಕೂಟವೇ ಮುಂದೆ ಸಿ-40 ಆಯಿತು. ಯೋಜನೆಗಳಿಗಂತೂ ಬರವಿರಲಿಲ್ಲ. ಆದರೆ ಪರಿಸರ ವಿಭಾಗ ಬರೆದದ್ದನ್ನು ರಸ್ತೆ, ಕಟ್ಟಡ, ಸಾರಿಗೆ ವಿಭಾಗಗಳು ಪಾಲಿಸಲೇಬೇಕೆಂಬ ಕಟ್ಟುಪಾಡು ಬಹುತೇಕ ಎಲ್ಲೂ ಇರಲಿಲ್ಲ. ಗುರಿಯ ವರ್ಷ ಎಷ್ಟು ದೂರವಿರುತ್ತಿತ್ತೆಂದರೆ, ಅದು ಬರುವ ಹೊತ್ತಿಗೆ ಉತ್ತರ ಹೇಳಬೇಕಾದವರು ಅಧಿಕಾರದಲ್ಲೇ ಇರುತ್ತಿರಲಿಲ್ಲ.

ಓಸ್ಲೋದಲ್ಲಿ 2015ರ ಸ್ಥಳೀಯ ಚುನಾವಣೆಯ ನಂತರ ಲೇಬರ್, ಸೋಷಲಿಸ್ಟ್ ಲೆಫ್ಟ್ ಮತ್ತು ಗ್ರೀನ್ ಪಕ್ಷಗಳ ಮೈತ್ರಿಕೂಟ ಅಧಿಕಾರಕ್ಕೆ ಬಂತು. ರೇಮಂಡ್ ಯೊಹಾನ್ಸೆನ್ ಆಡಳಿತದ ಮುಖ್ಯಸ್ಥರಾದರು. ಹವಾಮಾನಕ್ಕೆಂದೇ ಪ್ರತ್ಯೇಕ ಇಲಾಖೆಯೊಂದು ಹುಟ್ಟಿತು. ಆದರೂ ಹೊಸ ಬಜೆಟ್ಟಿನ ಹೊಣೆ ಬಿದ್ದದ್ದು ಹಣಕಾಸು ವಿಭಾಗದ ಮೇಲೆ. ಈ ಪದ್ಧತಿಯ ಜೀವಾಳ ಇರುವುದೇ ಇಲ್ಲಿ. ಯಾವ ಕ್ರಮದಿಂದ ಎಷ್ಟು ಟನ್ ಇಳಿಯಬಹುದು ಎಂದು ಹವಾಮಾನ ಇಲಾಖೆ ಅಂದಾಜು ಮಾಡಿಕೊಡುತ್ತದೆ. ಆ ಕ್ರಮವನ್ನು ಪಾಲಿಸದ ಇಲಾಖೆ ಉತ್ತರ ಕೊಡಬೇಕಾದದ್ದು ಹಣ ಮಂಜೂರು ಮಾಡುವವರಿಗೆ. ಪರಿಸರ ವಿಭಾಗದ ಪತ್ರವನ್ನು ಕಡತದಲ್ಲಿ ಮಲಗಿಸಬಹುದು, ಹಣಕಾಸಿನವರ ಪತ್ರವನ್ನು ಹಾಗೆ ಮಾಡಲಾಗದು ಎಂಬುದು ಯಾವ ದೇಶದ ಸರ್ಕಾರಿ ನೌಕರನಿಗೂ ಗೊತ್ತಿರುವ ಸಂಗತಿ.

ಬಜೆಟ್ ಪುಸ್ತಕದಲ್ಲಿ ಒಂದೊಂದು ಕ್ರಮಕ್ಕೂ ಮೂರು ವಿವರಗಳಿರುತ್ತವೆ: ಹೊಣೆ ಯಾರದು, ಖರ್ಚೆಷ್ಟು, ಇಳಿಕೆ ಎಷ್ಟು. ಇಳಿಕೆಯನ್ನು ಅಳೆಯಲಾಗದ ಕ್ರಮಗಳನ್ನು ಬೇರೆಯಾಗಿ ಪಟ್ಟಿ ಮಾಡುತ್ತಾರೆ. ವರ್ಷದ ನಡುವೆ ಖರ್ಚುವೆಚ್ಚದ ವರದಿ ಒಪ್ಪಿಸುವಾಗ ಈ ಕ್ರಮಗಳ ವರದಿಯನ್ನೂ ಒಪ್ಪಿಸಬೇಕು. ಒಂದು ತೊಡಕೆಂದರೆ, ಖಜಾನೆಯಲ್ಲಿ ಎಷ್ಟು ಉಳಿದಿದೆಯೆಂದು ಇಂದೇ ತಿಳಿಯುತ್ತದೆ. ಗಾಳಿಗೆ ಸೇರಿದ ಇಂಗಾಲದ ಅಧಿಕೃತ ಅಂಕಿ ಬರುವುದು ವರ್ಷ ಕಳೆದ ಮೇಲೆ. ಹಾಗಾಗಿ ಕ್ರಮ ನಡೆಯಿತೇ ಇಲ್ಲವೇ ಎಂಬುದರ ಮೇಲೇ ಹೆಚ್ಚು ನಿಗಾ ಇಡಬೇಕಾಯಿತು.

ಫಲ ಕಣ್ಣಿಗೆ ಕಂಡದ್ದು ಕಾಮಗಾರಿಗಳಲ್ಲಿ. ನಗರದ ಟೆಂಡರುಗಳಲ್ಲಿ ಡೀಸೆಲ್ ಬಳಸದ ಗುತ್ತಿಗೆದಾರರಿಗೆ ಹೆಚ್ಚು ಅಂಕ ಕೊಡುವ ಪದ್ಧತಿ ಬಂತು. 2019ರಲ್ಲಿ ನಗರದ ನಡುವಿನ ಐದನೇ ಓಲಾವ್ ಬೀದಿಯ ಮರುನಿರ್ಮಾಣವನ್ನು ವಿದ್ಯುತ್ ಅಗೆಯುವ ಯಂತ್ರಗಳಿಂದ ನಡೆಸಲಾಯಿತು. ಮೊದಮೊದಲು ಇಂಥ ಯಂತ್ರಗಳೇ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ; ಡೀಸೆಲ್ ಯಂತ್ರಗಳ ಎಂಜಿನ್ ತೆಗೆದು ಬ್ಯಾಟರಿ ಕೂರಿಸಿಕೊಳ್ಳಬೇಕಿತ್ತು. ಕೊಳ್ಳುವವರಿದ್ದಾರೆಂದು ಖಾತ್ರಿಯಾದ ಮೇಲೆ ತಯಾರಕರು ಬಂದರು. ನಗರದೊಳಗಿನ ನೂರಾರು ವಾಹನ ನಿಲುಗಡೆ ಜಾಗಗಳನ್ನೂ ತೆಗೆದುಹಾಕಲಾಯಿತು; ಅಂಗಡಿಯವರ ವಿರೋಧ ಸಾಕಷ್ಟಿತ್ತು. ಬಸ್ಸುಗಳು ವಿದ್ಯುತ್ತಿಗೆ ಬದಲಾದ ಮೇಲೆ ಒಂದು ಕಡುಚಳಿಗಾಲದಲ್ಲಿ ಬ್ಯಾಟರಿ ಬೇಗ ಬರಿದಾಗಿ ಓಡಾಟ ಏರುಪೇರಾದದ್ದೂ ಉಂಟು.

ಲೆಕ್ಕ ಇಡುವುದರಿಂದ ಗುರಿ ತಾನಾಗಿ ಕೈಗೂಡುವುದಿಲ್ಲ. 2020ಕ್ಕೆ ಹೊರಸೂಸುವಿಕೆಯನ್ನು 1990ರ ಮಟ್ಟದ ಅರ್ಧಕ್ಕೆ ತರುವ ಮೊದಲ ಗುರಿಯನ್ನು ಶೇ. 36ರಷ್ಟು ಇಳಿಕೆಗೆ ತಗ್ಗಿಸಲಾಯಿತು. ಈಗಿನ ಗುರಿ, 2009ಕ್ಕೆ ಹೋಲಿಸಿದರೆ 2030ಕ್ಕೆ ಶೇ. 95ರಷ್ಟು ಇಳಿಕೆ. ಅದರ ದೊಡ್ಡ ಪಾಲು ನಿಂತಿರುವುದು ಕ್ಲೆಮೆಟ್ಸ್‌ರುಡ್‌ನ ಒಂದೇ ಘಟಕದ ಮೇಲೆ. ಕಸ ಸುಟ್ಟು ಮನೆಗಳಿಗೆ ಶಾಖ ಒದಗಿಸುವ ಈ ಘಟಕ ವರ್ಷಕ್ಕೆ ಸುಮಾರು 4 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಆ ಅನಿಲವನ್ನು ಹಿಡಿದು, ಬಂದರಿಗೆ ಒಯ್ದು, ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಸಾಗಿಸಿ ಸಮುದ್ರತಳದಡಿ ಹೂಳುವ ಕೆಲಸ ಖರ್ಚು ಮಿತಿಮೀರಿದ್ದರಿಂದ 2023ರಲ್ಲಿ ನಿಂತಿತು. 2025ರ ಜನವರಿಯಲ್ಲಿ ಮತ್ತೆ ಶುರು ಮಾಡುವ ತೀರ್ಮಾನವಾಯಿತು. ಇದೊಂದು ಘಟಕ ತಡವಾದರೆ ಇಡೀ ನಗರದ ಲೆಕ್ಕವೇ ತಪ್ಪುತ್ತದೆ. 2023ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಮುಂದಾಳತ್ವದ ಆಡಳಿತ ಬಂದರೂ ಹವಾಮಾನ ಬಜೆಟ್ಟನ್ನು ಕೈಬಿಡಲಿಲ್ಲ.

ಸಿ-40 ಕೂಟದ ಮೂಲಕ 2021ರಿಂದ ಬೇರೆ ನಗರಗಳು ಇದನ್ನು ಪ್ರಯೋಗಕ್ಕೆ ತೆಗೆದುಕೊಂಡವು. ಬೃಹನ್ಮುಂಬೈ ಮಹಾನಗರಪಾಲಿಕೆ 2022ರ ಮಾರ್ಚ್‌ನಲ್ಲಿ ಕ್ರಿಯಾಯೋಜನೆಯನ್ನೂ 2024ರ ಜೂನ್‌ನಲ್ಲಿ ತನ್ನ ಮೊದಲ ಹವಾಮಾನ ಬಜೆಟ್ ವರದಿಯನ್ನೂ ಪ್ರಕಟಿಸಿತು. ಬಂಡವಾಳ ವೆಚ್ಚದ ಸುಮಾರು ಮೂರನೇ ಒಂದು ಪಾಲು, 10 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ, ಹವಾಮಾನಕ್ಕೆ ಸಂಬಂಧಿಸಿದ್ದು ಎಂದು ಅದು ಗುರುತಿಸಿತು. ಆದರೆ ಹೇಗೂ ಮಾಡಬೇಕಾಗಿದ್ದ ಕಾಮಗಾರಿಗೆ ಹೊಸ ತಲೆಬರಹ ಕೊಡುವುದು ಸುಲಭ. ಖರ್ಚಾಗುವ ರೂಪಾಯಿಯನ್ನು ಎಣಿಸುವುದಕ್ಕೂ ಇಳಿಯುವ ಟನ್ನನ್ನು ಎಣಿಸುವುದಕ್ಕೂ ಅಂತರ ಬಹಳ. ಇನ್ನೊಂದು ಕೊರತೆ ಮೂಲದ್ದು. ಆ ಹೊತ್ತಿಗೆ ಮುಂಬೈ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ, ಆಡಳಿತಾಧಿಕಾರಿಯ ಆಳ್ವಿಕೆಯಿತ್ತು. ಓಸ್ಲೋದಲ್ಲಾದರೆ ಬಜೆಟ್ಟಿನ ಪ್ರತಿ ಸಾಲಿನ ಮೇಲೂ ವಿರೋಧ ಪಕ್ಷ ಪ್ರಶ್ನೆ ಎತ್ತಬಹುದು.

ಬೆಂಗಳೂರಿನಲ್ಲೂ ಸ್ಥಿತಿ ಹೀಗೇ ಇತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. 2050ಕ್ಕೆ ನಿವ್ವಳ ಶೂನ್ಯದ ಗುರಿಯುಳ್ಳ ಕ್ರಿಯಾಯೋಜನೆ ಹೊರಬಂದದ್ದು 2023ರ ನವೆಂಬರ್‌ನಲ್ಲಿ. ಆ ಯೋಜನೆಯ ದೊಡ್ಡ ಬಾಬುಗಳಾದ ವಿದ್ಯುತ್ತು ಬೆಸ್ಕಾಂ ಕೈಯಲ್ಲಿ, ಬಸ್ಸು ಬಿಎಂಟಿಸಿ ಕೈಯಲ್ಲಿ, ನೀರು ಮತ್ತು ಒಳಚರಂಡಿ ಜಲಮಂಡಳಿಯ ಕೈಯಲ್ಲಿವೆ. ಯಾವುದೂ ಪಾಲಿಕೆಯ ಬಜೆಟ್ಟಿನೊಳಗಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆದು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಒಂದೇ ಪಾಲಿಕೆಗೆಂದು ಬರೆದ ಯೋಜನೆಯನ್ನು ಈಗ ಐದು ಬಜೆಟ್ಟುಗಳಲ್ಲಿ ಹಂಚಬೇಕಾಗಿದೆ.