ರಕ್ಷಣೆ, ಐಕ್ಯ, ದೈವೀಭವನ: ಕಡೂರು ಸೀಮೆಯ ಕಾವ್ಯವೊಂದರ ನೆಪದಲ್ಲಿ

ಸಖರಾಯಪಟ್ಟಣದ ಅಯ್ಯನಕೆರೆಯನ್ನು ಕಂಡವರು ಬಹುಮಂದಿ. ಅದೇ ಕಡೂರು ಸೀಮೆಯ ದೇವನೂರಿನ ಕವಿ ಲಕ್ಷ್ಮೀಶನ ಕಾವ್ಯವನ್ನು ಕ್ರೈಸ್ತ ಪಾದ್ರಿಯೊಬ್ಬರು ಸಂಪಾದಿಸಿದರೆಂಬುದನ್ನು ಬಲ್ಲವರು ಕಡಮೆ. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ನರು ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ ಟಿಪ್ಪಣಿಗಳೊಡನೆ ೧೮೫೨ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. (ಕವಿಯು ಹೇಳುವ ದೇವಪುರವು ಈ ದೇವನೂರೇ ಎಂಬುದು ಹಲವು ವಿದ್ವಾಂಸರ ಮತ, ಸುರಪುರದ ಪಕ್ಷವೂ ಇಲ್ಲದಿಲ್ಲ.) ಇದನ್ನು ಕೇವಲ ಭಾಷಾಸೇವೆಯೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಮುಕ್ತಿಯ ಎರಡು ಕಲ್ಪನೆಗಳು ಇಲ್ಲಿ ಮುಖಾಮುಖಿಯಾದುವೆಂಬುದು ವಿಚಾರಾರ್ಹವಾದ ಸಂಗತಿ.

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಆರಂಭವಾದ ಕನ್ನಡ ಬೈಬಲ್ಲಿನ ಪರಂಪರೆಯಲ್ಲಿ ನೆಲೆನಿಂತ ಶಬ್ದ 'ರಕ್ಷಣೆ'. ಮೋಕ್ಷವೆಂದರೆ ಕರ್ಮಬಂಧದಿಂದ ಬಿಡುಗಡೆ. ರಕ್ಷಣೆಯೆಂದರೆ ಅಪಾಯದಲ್ಲಿರುವವನನ್ನು ಬೇರೊಬ್ಬನು ಉಳಿಸುವುದು. ಪಾಪ, ದಂಡನೆ, ಕ್ಷಮೆ ಎಂಬ ಕ್ರಮದಲ್ಲಿ ಯೋಚಿಸಿದ ಪಶ್ಚಿಮದ ಚರ್ಚಿಗೆ ಈ ಶಬ್ದ ಚೆನ್ನಾಗಿ ಒಪ್ಪಿತು. ನಂಬಿಕೆಯೊಂದರಿಂದಲೇ ಮನುಷ್ಯನು ನೀತಿವಂತನೆನಿಸುವನೆಂದು ಲೂಥರನು ಸಾರಿದನು. ನೀತಿಯು ಒಳಗೂ ತುಂಬಿ ಬರಬೇಕೆಂದು ಟ್ರೆಂಟಿನ ಸಭೆಯು ೧೫೪೭ರಲ್ಲಿ ನಿರ್ಣಯಿಸಿತು. ವಾದ ಉಗ್ರವಾಗಿದ್ದರೂ ಇಬ್ಬರೂ ನಿಂತದ್ದು ಒಂದೇ ನ್ಯಾಯಸ್ಥಾನದ ಎದುರಿನಲ್ಲಿ.

ಪೂರ್ವದ ಗ್ರೀಕ್ ಚರ್ಚು ಹಿಡಿದ ದಾರಿ ಬೇರೆ. ಅದರ ಭಾಷೆಯಲ್ಲಿ ರಕ್ಷಣೆಯ ಪರಮಾವಧಿ 'ಥಿಯೋಸಿಸ್'. ಇದನ್ನು ದೈವೀಭವನವೆನ್ನಬಹುದು. ಮನುಷ್ಯನು ದೈವಸ್ವಭಾವದಲ್ಲಿ ಭಾಗಿಯಾಗುವನೆಂಬ ಮಾತು ಪೇತ್ರನ ಎರಡನೆಯ ಪತ್ರಿಕೆಯಲ್ಲಿಯೇ ಉಂಟು. ದೇವರ ಅವತಾರದ ಗುರಿ ಮನುಷ್ಯನ ಈ ಉನ್ನತಿಯೇ ಎಂದು ೪ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಅಥನೇಸಿಯಸನು ಪ್ರತಿಪಾದಿಸಿದನು. ಸೃಷ್ಟಿಗೊಂಡವನು ಸೃಷ್ಟಿಕರ್ತನಲ್ಲಿ ಭಾಗಿಯಾಗುವುದು ಹೇಗೆ? ಇದಕ್ಕೆ ಗ್ರೆಗರಿ ಪಲಮಾಸನು (೧೨೯೬–೧೩೫೯) ಉತ್ತರವಿತ್ತನು: ದೇವರ ಸಾರವು ಎಂದಿಗೂ ಅಗಮ್ಯ, ಅವನ ಶಕ್ತಿಗಳಲ್ಲಿ ಮಾತ್ರ ಜೀವನು ಪಾಲುಗೊಳ್ಳಬಲ್ಲನು. ತಾಬೋರ್ ಬೆಟ್ಟದಲ್ಲಿ ಶಿಷ್ಯರು ಕಂಡ ಬೆಳಕು ಅಂಥ ಅಸೃಷ್ಟ ಶಕ್ತಿ. ೧೩೪೧ ಮತ್ತು ೧೩೫೧ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಈ ಪಕ್ಷವನ್ನು ಎತ್ತಿಹಿಡಿದುವು.

ಕನ್ನಡದಲ್ಲಿ ಥಿಯೋಸಿಸ್ಸನ್ನು 'ಐಕ್ಯ'ವೆಂದು ಅನುವಾದಿಸುವ ಆಸೆ ಸಹಜ; ಆದರೆ ಅದು ದಾರಿತಪ್ಪಿಸುವ ಅನುವಾದ. ಚಿಕ್ಕಮಗಳೂರು ಜಿಲ್ಲೆಯೊಂದರಲ್ಲಿಯೇ ಇದನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ಉಂಟು. ಶೃಂಗೇರಿಯ ಅದ್ವೈತದಲ್ಲಿ ಜೀವನು ಹೊಸದಾಗಿ ಬ್ರಹ್ಮವಾಗುವುದಿಲ್ಲ; ತಾನು ಎಂದೂ ಬ್ರಹ್ಮವೇ ಆಗಿದ್ದೆನೆಂದು ಅರಿಯುತ್ತಾನೆ. ಬಾಳೆಹೊನ್ನೂರಿನ ಪೀಠವು ಪ್ರತಿನಿಧಿಸುವ ವೀರಶೈವದಲ್ಲಿ ಷಟ್‌ಸ್ಥಲದ ಕೊನೆಯ ಮೆಟ್ಟಲು ಲಿಂಗಾಂಗ ಸಾಮರಸ್ಯ. ಮೆಟ್ಟಲು ಮೆಟ್ಟಲಾಗಿ ಏರುವ ಸಾಧನೆಯಲ್ಲಿ ಇದು ಗ್ರೀಕರ ಮಾರ್ಗವನ್ನು ಹೋಲುವುದಾದರೂ, ಏರಿದ ಮೇಲೆ ಅಂಗ ಲಿಂಗಗಳ ಭೇದ ಉಳಿಯದು. ಮಧ್ವಮತದಲ್ಲಿಯಾದರೋ ಮೋಕ್ಷದಲ್ಲಿಯೂ ಭೇದ ತಾರತಮ್ಯಗಳು ಸ್ಥಿರ. ಥಿಯೋಸಿಸ್ಸಿಗೆ ಅತ್ಯಂತ ಸಮೀಪವೆನಿಸುವುದು ರಾಮಾನುಜರ ಮತ: ಮುಕ್ತನು ಈಶ್ವರನೊಡನೆ ಆನಂದದಲ್ಲಿ ಸಾಮ್ಯ ಪಡೆಯುತ್ತಾನೆ, ಜಗತ್ತಿನ ಸೃಷ್ಟಿ ಸ್ಥಿತಿ ಲಯಗಳ ಅಧಿಕಾರ ಮಾತ್ರ ಅವನಿಗಿಲ್ಲ. ಹೀಗಿದ್ದರೂ ಇದೇ ದೇಹವು ಪುನರುತ್ಥಾನ ಹೊಂದಿ ದೈವೀಭವನದಲ್ಲಿ ಸೇರುವುದೆಂಬ ನಂಬಿಕೆಗೆ ಅಲ್ಲಿ ಎಡೆಯಿಲ್ಲ.

ಇನ್ನು ಸ್ಯಾಂಡರ್ಸನ್ನರ ಮಾತು. ಅವರ ಪಂಥದ ಮೂಲಪುರುಷ ಜಾನ್ ವೆಸ್ಲಿ (೧೭೦೩–೧೭೯೧) ಕ್ಷಮೆಯಲ್ಲಿಯೇ ನಿಂತವನಲ್ಲ. ಪರಿಪೂರ್ಣ ಪ್ರೀತಿಯವರೆಗೆ ಪವಿತ್ರೀಕರಣ ಬೆಳೆಯಬೇಕೆಂದನು. ಈಜಿಪ್ಟಿನ ಸಂತ ಮಕಾರಿಯಸನ ಹೆಸರಿನಲ್ಲಿರುವ ಗ್ರೀಕ್ ಪ್ರವಚನಗಳನ್ನು ಆಯ್ದು ಅಚ್ಚುಹಾಕಿಸಿದವನೂ ಅವನೇ. ಅಂತೂ ಪ್ರಾಟೆಸ್ಟಂಟರಲ್ಲಿ ಪೂರ್ವದ ಚರ್ಚಿಗೆ ಅಷ್ಟು ಹತ್ತಿರವಿದ್ದ ಪಂಥದವರ ಕೈಗೇ ಲಕ್ಷ್ಮೀಶನು ಸಿಕ್ಕಿದನು! ಕಾದ ಎಣ್ಣೆಯ ಕೊಪ್ಪರಿಗೆಯಲ್ಲಿ ಹರಿಸ್ಮರಣೆಯಿಂದ ಬೇಯದೆ ಉಳಿದ ಸುಧನ್ವನ ಕಥೆಯನ್ನು 'ರಕ್ಷಣೆ'ಯ ಅರ್ಥದಲ್ಲಿ ಯಾವ ಕ್ರೈಸ್ತನಾದರೂ ಸುಲಭವಾಗಿ ಓದಬಲ್ಲನು. ಆದರೆ ಕಥೆ ಅಲ್ಲಿಗೆ ನಿಲ್ಲದು. ಅರ್ಜುನನ ಬಾಣದಿಂದ ಮಡಿದ ಸುಧನ್ವನ ತೇಜಸ್ಸು ಕೃಷ್ಣನಲ್ಲಿ ಹೋಗಿ ಸೇರುತ್ತದೆ. ತಾಬೋರಿನಲ್ಲಿ ಬೆಳಕನ್ನು ಕಂಡ ಶಿಷ್ಯರು ಬೆಟ್ಟವಿಳಿದು ಮನುಷ್ಯರಾಗಿಯೇ ಊರಿಗೆ ಬಂದರು. ಇಲ್ಲಿ ಭಕ್ತನೇ ಬೆಳಕಾಗಿ ಹೋದನು, ಹಿಂದಕ್ಕೆ ಬರಲಿಲ್ಲ.