ಕಳ್ಳನಿಗಿಂತ ಮೊದಲು ಬಾಗಿಲು ತಟ್ಟುವವರು

ಬಸವಕಲ್ಯಾಣ ಅಂದ ಕೂಡಲೇ ಬಸವಣ್ಣ, ಅನುಭವ ಮಂಟಪ, ಕೋಟೆ ನೆನಪಾಗುತ್ತವೆ. ಕಾನೂನು ಓದಿದವರಿಗೆ ಇನ್ನೊಂದು ಹೆಸರೂ ನೆನಪಾಗುತ್ತೆ: ವಿಜ್ಞಾನೇಶ್ವರ. ಚಾಲುಕ್ಯರ ಆರನೇ ವಿಕ್ರಮಾದಿತ್ಯ (1076–1126) ಈ ಊರಿನಿಂದ ಆಳುತ್ತಿದ್ದಾಗ ಅವನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಅನ್ನೋ ವ್ಯಾಖ್ಯಾನ ಬರೆದ. ಅಪ್ಪನ ಆಸ್ತಿಯಲ್ಲಿ ಮಕ್ಕಳ ಪಾಲು ಎಷ್ಟು ಅನ್ನೋದಕ್ಕೆ ಬ್ರಿಟಿಷರ ಕಾಲದ ಕೋರ್ಟುಗಳೂ ಅದನ್ನೇ ತೆಗೆದು ನೋಡ್ತಿದ್ದವು. ಆದರೆ ಆ ಸ್ಮೃತಿಯಲ್ಲಿ ಡೆಪಾಸಿಟ್ ಬಗ್ಗೆಯೂ ಒಂದು ಪುಟ್ಟ ಪ್ರಕರಣ ಇದೆ. ಅದು ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿಲ್ಲ.

ಒಳಗೆ ಏನಿದೆ ಅಂತ ಹೇಳದೆ, ಮುದ್ರೆ ಹಾಕಿ ಇನ್ನೊಬ್ಬರ ಕೈಗೆ ಕೊಟ್ಟ ವಸ್ತುವಿಗೆ 'ಉಪನಿಧಿ' ಅಂತ ಹೆಸರು. ಇಟ್ಟುಕೊಂಡವನು ಅದನ್ನ ಹೇಗಿತ್ತೋ ಹಾಗೇ ವಾಪಸ್ ಕೊಡಬೇಕು. ಆದರೆ ರಾಜ ಕಿತ್ತುಕೊಂಡರೆ, ದೈವದಿಂದ ನಷ್ಟವಾದರೆ, ಕಳ್ಳರು ಹೊತ್ತುಕೊಂಡು ಹೋದರೆ ಅವನು ತುಂಬಿಕೊಡಬೇಕಿಲ್ಲ. ಮಾಲೀಕ ಬಂದು ಕೇಳಿದಾಗ ಕೊಡದೇ ಇದ್ದು, ಆಮೇಲೆ ಕಳೆದುಹೋದರೆ ಮಾತ್ರ ಬೆಲೆಯನ್ನೂ ತುಂಬಬೇಕು, ಅಷ್ಟೇ ದಂಡವನ್ನೂ ಕಟ್ಟಬೇಕು.

ಇದನ್ನ ಇವತ್ತಿನ ಬ್ಯಾಂಕಿಗೆ ಹಚ್ಚಿ ನೋಡಿ. 'ಸರ್ವರ್ ಹ್ಯಾಕ್ ಆಯ್ತು, ನಿಮ್ಮ ದುಡ್ಡು ಹೋಯ್ತು, ನಾವೇನ್ ಮಾಡೋಣ ಸರ್' ಅಂತ ಮ್ಯಾನೇಜರ್ ಹೇಳಿದರೆ, ಈ ನಿಯಮದ ಪ್ರಕಾರ ಅವರದು ತಪ್ಪಿಲ್ಲ! ಈ ಲೆಕ್ಕ ಈಗ ಉಲ್ಟಾ ಆಗಿದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ಬ್ಯಾಂಕಿನ ನಿರ್ಲಕ್ಷ್ಯ ಇದ್ದರೆ ಗ್ರಾಹಕನ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದರೂ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಸೊನ್ನೆ. ಅದೇ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಈ ನಿಯಮ ಬಂತು.

ಕಳ್ಳತನದ ನಷ್ಟ ಯಾರ ತಲೆಗೆ ಬರುತ್ತೋ ಅವರೇ ಬೀಗ ಪರೀಕ್ಷೆ ಮಾಡಿಸ್ತಾರೆ. ಬ್ಯಾಂಕ್ ಸೆಕ್ಯುರಿಟಿಯ ಇತಿಹಾಸ ಅರ್ಥ ಆಗಬೇಕಾದರೆ ಈ ಒಂದು ಮಾತು ತಲೆಯಲ್ಲಿರಬೇಕು.

ಎಣಿಕೆ ಬೇರೆ, ಪರೀಕ್ಷೆ ಬೇರೆ. ಬಸವಣ್ಣ ಬಿಜ್ಜಳನ ಭಂಡಾರಿ. ಭಂಡಾರದ ಹಣವನ್ನೆಲ್ಲ ಜಂಗಮರಿಗೆ ಹಂಚ್ತಿದ್ದಾನೆ ಅಂತ ದೂರು ಹೋಯಿತು, ಎಣಿಸಿ ನೋಡಿದರೆ ಲೆಕ್ಕ ಸರಿಯಾಗೇ ಇತ್ತು ಅನ್ನೋ ಕಥೆಯನ್ನ ನಮ್ಮ ಕಡೆ ಎಲ್ಲರೂ ಕೇಳಿರ್ತಾರೆ. ಪುರಾಣಗಳು ಅದನ್ನ ಪವಾಡವಾಗಿ ಹೇಳ್ತವೆ. ನಮ್ಮ ಫೀಲ್ಡ್‌ನವರ ಕಣ್ಣಿಂದ ನೋಡಿದರೆ ಅದು ಆಡಿಟ್. ದೂರು ಬಂದ ಮೇಲೆ ಮಾಡಿದ್ದು, ಇರೋ ಹಣವನ್ನ ಎಣಿಸಿದ್ದು. 'ಈ ಭಂಡಾರಕ್ಕೆ ಕಳ್ಳ ಎಲ್ಲಿಂದ ನುಗ್ಗಬಹುದು?' ಅನ್ನೋದು ಬೇರೆಯೇ ಪ್ರಶ್ನೆ. ಎಷ್ಟು ಎಣಿಸಿದರೂ ಅದಕ್ಕೆ ಉತ್ತರ ಸಿಗಲ್ಲ.

ಆ ಪ್ರಶ್ನೆಯನ್ನ ಕೌಟಿಲ್ಯ ಕೇಳಿದ್ದ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅರ್ಥಶಾಸ್ತ್ರದ ಹಸ್ತಪ್ರತಿ 1905ರಲ್ಲಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟಿದ್ದ ಓಲೆಗರಿಗಳನ್ನ ಆರ್. ಶಾಮಶಾಸ್ತ್ರಿಗಳು ಓದಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಅಧಿಕಾರಿಗಳನ್ನ ಗುಟ್ಟಾಗಿ ಪರೀಕ್ಷಿಸೋ ನಾಲ್ಕು ವಿಧಾನ ಇವೆ: ಧರ್ಮ, ಅರ್ಥ, ಕಾಮ, ಭಯ. ಇವಕ್ಕೆ 'ಉಪಧಾ' ಅಂತ ಹೆಸರು. ಅರ್ಥದ ಪರೀಕ್ಷೆ ಹೀಗೆ: ಸೇನಾಪತಿಯನ್ನ ಕೆಲಸದಿಂದ ತೆಗೆದ ಹಾಗೆ ನಾಟಕ. ಆಮೇಲೆ ಅವನು ಗೂಢಚಾರರ ಮೂಲಕ ಒಬ್ಬೊಬ್ಬ ಮಂತ್ರಿಗೂ 'ರಾಜನನ್ನ ಮುಗಿಸಿದರೆ ದೊಡ್ಡ ಮೊತ್ತ ಸಿಗುತ್ತೆ, ಎಲ್ಲರೂ ಒಪ್ಪಿದ್ದಾರೆ, ನೀವೇನಂತೀರಿ?' ಅನ್ನೋ ಅರ್ಥದ ಮಾತು ಮುಟ್ಟಿಸಬೇಕು. ಆಗಲ್ಲ ಅಂದವನು ಪಾಸ್. ಹಾಗೆ ಪಾಸಾದವರಿಗೆ ಮಾತ್ರ ಕಂದಾಯ ಮತ್ತು ಭಂಡಾರದ ಹುದ್ದೆ.

ನಿಮ್ಮ ಆಫೀಸಿನಲ್ಲಿ 'ಬೋನಸ್ ಪಟ್ಟಿ ನೋಡಲು ಇಲ್ಲಿ ಕ್ಲಿಕ್ ಮಾಡಿ' ಅಂತ ಸೆಕ್ಯುರಿಟಿ ಟೀಮೇ ಕಳಿಸೋ ಸುಳ್ಳು ಮೇಲ್ ಇದೆಯಲ್ಲ, ಅದು ಇದರ ಮೊಮ್ಮಗ. ಇನ್ನೂ ಮಜಾ ಅಂದರೆ, ಕೌಟಿಲ್ಯ ಒಂದು ಎಚ್ಚರಿಕೆಯನ್ನೂ ಕೊಡ್ತಾನೆ: ಇಂಥ ಪರೀಕ್ಷೆಗೆ ರಾಜನನ್ನಾಗಲಿ ರಾಣಿಯನ್ನಾಗಲಿ ಗುರಿ ಮಾಡಬಾರದು, ಶುದ್ಧವಾಗಿರೋ ಮನಸ್ಸನ್ನ ಪರೀಕ್ಷೆಯ ಹೆಸರಲ್ಲಿ ಕೆಡಿಸಬಾರದು. ಪೆನ್ ಟೆಸ್ಟಿಂಗ್ ಶುರು ಮಾಡೋ ಮೊದಲು ನಾವು ಸಹಿ ಹಾಕೋ ಸ್ಕೋಪ್ ಕಾಗದ ಹೇಳೋದೂ ಹೆಚ್ಚುಕಡಿಮೆ ಅದೇ. ಯಾವ ಸಿಸ್ಟಂ ಮುಟ್ಟಬಹುದು, ಯಾವುದನ್ನ ಮುಟ್ಟಬಾರದು, ಎಲ್ಲಿ ನಿಲ್ಲಿಸಬೇಕು.

ಕೌಟಿಲ್ಯ ಪರೀಕ್ಷಿಸಿದ್ದು ಮನುಷ್ಯರನ್ನ. ಬೀಗವನ್ನೇ ಬಹಿರಂಗವಾಗಿ ಪರೀಕ್ಷಿಸಿ ಹೆಸರಾದವನು ಅಮೆರಿಕದ ಆಲ್ಫ್ರೆಡ್ ಹಾಬ್ಸ್. 1851ರಲ್ಲಿ ಲಂಡನ್ನಿಗೆ ಬಂದವನು ಪ್ರಸಿದ್ಧ ಚಬ್ ಬೀಗವನ್ನ ಅರ್ಧ ಗಂಟೆಯೊಳಗೆ ತೆಗೆದ. ಬ್ರಾಮಾ ಕಂಪನಿ ತನ್ನ ಬೀಗವನ್ನ ಅಂಗಡಿ ಕಿಟಕಿಯಲ್ಲಿಟ್ಟು, ತೆಗೆದವರಿಗೆ 200 ಗಿನಿ ಅಂತ ದಶಕಗಳಿಂದ ಸವಾಲು ಹಾಕಿತ್ತು. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನೂ ತೆಗೆದ. 'ಇದನ್ನೆಲ್ಲ ಹೇಳಿದರೆ ಕಳ್ಳರಿಗೇ ಪಾಠ ಮಾಡಿದ ಹಾಗಾಗಲ್ವಾ?' ಅಂತ ಜನ ಗಾಬರಿಯಾದರು. ಕಳ್ಳರಿಗೆ ನಮಗಿಂತ ಮೊದಲೇ ಗೊತ್ತಿರುತ್ತೆ ಅನ್ನೋದು ಅವನ ವಾದ. ಇವತ್ತಿಗೂ ಯಾವುದೇ ಬ್ಯಾಂಕಿನ ಮೀಟಿಂಗ್‌ನಲ್ಲಿ ಇದೇ ಜಗಳ ನಡೆಯುತ್ತೆ.

ಈಗ ನಮ್ಮ ಹತ್ತಿರದ ಉದಾಹರಣೆಗೆ ಬನ್ನಿ. ಹುಮನಾಬಾದ್ ಮೇಲೆ ಹಾದುಹೋಗೋ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಪುಣೆ. ಅಲ್ಲಿನ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟ್ 11 ಮತ್ತು 13ರಂದು ಸುಮಾರು 94 ಕೋಟಿ ರೂಪಾಯಿ ಹೋಯಿತು. 11ನೇ ತಾರೀಖು ಶನಿವಾರ. ನಕಲಿ ಕಾರ್ಡುಗಳಿಂದ 28 ದೇಶಗಳ ಎಟಿಎಂಗಳಲ್ಲಿ ದುಡ್ಡು ತೆಗೆದರು. 13ಕ್ಕೆ ಸ್ವಿಫ್ಟ್ ಮೂಲಕ ಸುಮಾರು 14 ಕೋಟಿ ಹಾಂಗ್‌ಕಾಂಗಿಗೆ ಹೋಯಿತು. ಎಟಿಎಂ ಕೇಳಿದ 'ಕೊಡಲಾ?' ಅನ್ನೋ ಪ್ರಶ್ನೆ ಬ್ಯಾಂಕಿನ ಮುಖ್ಯ ಲೆಕ್ಕದ ತನಕ ತಲುಪಲೇ ಇಲ್ಲ. ನಡುವೆ ಕಳ್ಳರು ಕೂರಿಸಿದ್ದ ನಕಲಿ ಸ್ವಿಚ್ಚೇ 'ಕೊಡು' ಅಂದುಬಿಟ್ಟಿತ್ತು. ಇಂಥದ್ದನ್ನ ಲೆಜರ್ ಎಣಿಸಿ ಹಿಡಿಯೋಕಾಗಲ್ಲ. ಕಳ್ಳನ ಹಾಗೆ ಯೋಚಿಸೋ ಒಬ್ಬರು ಮೊದಲೇ ನುಗ್ಗಿ ನೋಡಿದರೆ ಸಿಗಬಹುದು.

ರಿಸರ್ವ್ ಬ್ಯಾಂಕ್ 2016ರ ಜೂನ್ 2ರಂದೇ ವಾಣಿಜ್ಯ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಚೌಕಟ್ಟು ಕೊಟ್ಟು, ನಿಯಮಿತವಾಗಿ ಪೆನ್ ಟೆಸ್ಟಿಂಗ್ ಮಾಡಿಸಿ ಅಂದಿತ್ತು. ನಗರ ಸಹಕಾರಿ ಬ್ಯಾಂಕುಗಳಿಗೆ ಮೂಲ ಚೌಕಟ್ಟು ಬಂದಿದ್ದು 2018ರ ಅಕ್ಟೋಬರ್ 19ಕ್ಕೆ, ಕಾಸ್ಮೋಸ್ ಆಗಿ ಎರಡು ತಿಂಗಳ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋ ಗಾದೆ ನೆನಪಾಗದೇ ಇರಲ್ಲ. 2019ರ ಕೊನೆಗೆ, ಬ್ಯಾಂಕು ಎಷ್ಟು ಡಿಜಿಟಲ್ ಆಗಿದೆ ಅನ್ನೋದರ ಮೇಲೆ ನಾಲ್ಕು ಹಂತಗಳ ನಿಯಮ ಬಂತು.

ಆದರೆ ಊರಲ್ಲಿರೋ ನಮ್ಮ ಅಪ್ಪ-ಅಮ್ಮ ತೊಗರಿ ಮಾರಿದ ದುಡ್ಡನ್ನ ಎಲ್ಲಿ ಇಡ್ತಾರೆ? ಎಷ್ಟೋ ಮನೆಗಳಲ್ಲಿ ಒಂದಿಷ್ಟು ಬ್ಯಾಂಕಿನಲ್ಲಿ, ಇನ್ನೊಂದಿಷ್ಟು ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಅಂತ ಸೌಹಾರ್ದ ಪತ್ತಿನ ಸಹಕಾರಿಯಲ್ಲಿ. ಬ್ಯಾಂಕ್ ಡೆಪಾಸಿಟ್‌ಗೆ 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ ವಿಮೆ ಇದೆ. ಸೌಹಾರ್ದಗಳಿಗೆ ಆ ವಿಮೆ ಇಲ್ಲ, ಅವು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಕೆಳಗೆ ಬರೋದೂ ಇಲ್ಲ. ಅಂದರೆ ಅಲ್ಲಿ ಕಳ್ಳ ನುಗ್ಗಿದರೆ ಇಟ್ಟವರ ಪಾಡು ವಿಜ್ಞಾನೇಶ್ವರನ ಕಾಲಕ್ಕಿಂತ ಬಹಳ ದೂರ ಬಂದಿಲ್ಲ.

ಈ ಸಂಸ್ಥೆಗಳಲ್ಲಿ ಡೆಪಾಸಿಟ್ ಇಟ್ಟವರಲ್ಲಿ ಬಹಳ ಜನ ಸದಸ್ಯರೂ ಹೌದು. ವರ್ಷಕ್ಕೊಮ್ಮೆ ಮಹಾಸಭೆ ನಡೆಯುತ್ತೆ, ಡಿವಿಡೆಂಡ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಮುಂದಿನ ಸಲ ಅಪ್ಪನ ಜೊತೆ ನೀವೂ ಹೋಗಿ ಕೂತು, ಎದ್ದು ನಿಂತು ಇನ್ನೆರಡು ಪ್ರಶ್ನೆ ಕೇಳಿ: 'ನಮ್ಮ ಸಾಫ್ಟ್‌ವೇರ್‌ಗೆ ಹೊರಗಿನವರಿಂದ ಪೆನ್ ಟೆಸ್ಟಿಂಗ್ ಕೊನೇ ಸಲ ಯಾವಾಗ ಮಾಡಿಸಿದ್ರಿ? ಸಿಕ್ಕಿದ ತೂತುಗಳಲ್ಲಿ ಎಷ್ಟು ಮುಚ್ಚಿದ್ರಿ?' ಮೊದಲ ವರ್ಷ ಉತ್ತರ ಸಿಗದೇ ಇರಬಹುದು. ಎರಡನೇ ವರ್ಷವೂ ಅದನ್ನೇ ಕೇಳಿದರೆ, ಮೂರನೇ ವರ್ಷದ ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಬರುತ್ತೆ.