ಸಾಡೊ ಮತ್ತು ಮಂತ್ರಕೋಡಿ: ವಲಸೆ ಬಂದ ತಾಯಂದಿರ ನೆನಪು

ಧರ್ಮಕೇಂದ್ರಗಳ ಚರಿತ್ರೆಯಲ್ಲಿ ಇಗರ್ಜಿ ಕಟ್ಟಿಸಿದ ಗುರುಗಳ, ಭೂಮಿ ದಾನವಿತ್ತ ಗುರ್ಕಾರರ ಹೆಸರುಗಳು ಸಹಜವಾಗಿಯೇ ಮೊದಲು ಬರುತ್ತವೆ. ಅವರೊಡನೆ ಕಾಡು ಕಡಿದು, ಗದ್ದೆ ನೆಟ್ಟು, ಮಕ್ಕಳಿಗೆ ಜಪ ಕಲಿಸಿದ ಸ್ತ್ರೀಯರ ಹೆಸರು ಕಡತಗಳಲ್ಲಿ ವಿರಳ. ಅವರ ಬಾಳಿನ ಸಾಕ್ಷ್ಯವನ್ನು ಮನೆಯ ಪೆಟ್ಟಿಗೆಯಲ್ಲಿ ಮಡಚಿಟ್ಟ ವಸ್ತ್ರಗಳಲ್ಲಿ ಹುಡುಕಬೇಕಾಗಿದೆ.

ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ಮಂಡಲಿ, ಅನಂತರದ ಕ್ಷಾಮ, ಮತ್ತು 1683ರ ಮರಾಠರ ದಾಳಿ, ಇವುಗಳಿಂದ ನೊಂದ ಕೊಂಕಣಿ ಕುಟುಂಬಗಳು ತಂಡತಂಡವಾಗಿ ಕೆನರಾಕ್ಕೆ ಬಂದವು. ಅವರ ಬೇಸಾಯದ ಕುಶಲತೆಯನ್ನರಿತ ಕೆಳದಿಯ ಅರಸರು ಆಶ್ರಯವಿತ್ತರು. 1763ರಲ್ಲಿ ವಂ. ಜೋಕಿಂ ಮಿರಾಂದಾರವರು ಬಂಟ್ವಾಳ ಸೀಮೆಯ ಫರಂಗಿಪೇಟೆಯ ಮೋಂತೆ ಮರಿಯಾನೊ ಇಗರ್ಜಿಯಲ್ಲಿ ಮೋಂತಿ ಹಬ್ಬವನ್ನು ಆರಂಭಿಸಿದರು.

1784ರ ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಕ್ರೈಸ್ತರು ಸೆರೆಯಾದರು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಘಟ್ಟ ದಾಟಿ ಶ್ರೀರಂಗಪಟ್ಟಣಕ್ಕೆ ನಡೆದವರಲ್ಲಿ ಅನೇಕರು ಹಿಂದಿರುಗಲಿಲ್ಲ. ಇಗರ್ಜಿಗಳು ನೆಲಸಮವಾದವು. ಮೋಂತೆ ಮರಿಯಾನೊ ಮಾತ್ರ ಹೈದರಾಲಿಗೆ ಮಿರಾಂದಾರವರಲ್ಲಿದ್ದ ಸ್ನೇಹದಿಂದಲೂ, ಮೂಡಬಿದಿರೆಯ ಹೊಸಬೆಟ್ಟು ಪವಿತ್ರ ಶಿಲುಬೆಯ ಇಗರ್ಜಿ ಚೌಟ ಅರಸರ ಸ್ನೇಹದಿಂದಲೂ ಉಳಿದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಹಿಂದಿರುಗಿದವರು, ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋರ ನೆರವಿನಿಂದ, ತಮ್ಮ ಭೂಮಿಯಲ್ಲಿ ಸ್ವಲ್ಪ ಭಾಗವನ್ನಾದರೂ ಪಡೆದರು.

ಭೂಮಿಯೊಂದಿಗೆ ಮನೆಯ ಸಂಪ್ರದಾಯಗಳನ್ನೂ ಮತ್ತೆ ಕಟ್ಟಬೇಕಾಗಿತ್ತು. ಆ ಕೆಲಸ ಸ್ತ್ರೀಯರದಾಯಿತು. ಮದುಮಗಳ ಕೆಂಪು ರೇಷ್ಮೆಯ ಸಾಡೊ ಅದರ ಗುರುತು. ಅದರ ಬೆಲೆಯನ್ನು ವರಹಗಳಲ್ಲಿ ಎಣಿಸುತ್ತಿದ್ದರು. ಅಂಚಿನಲ್ಲಿ ಮೂರು ಚಿನ್ನದ ಗೆರೆಗಳಿದ್ದ ಕಟಾರಿ ಸಾಡೊ ಅತ್ಯಂತ ದುಬಾರಿ. ಮದುಮಗಳ ತಾಯಿಗೆ ಧರ್ಮ ಸಾಡೊ, ವಿಧವೆಗೆ ಕಪ್ಪು ಸಾಡೊ. ಮದುವೆಯ ಸಾಡೊವನ್ನು ಮೋಂತಿ ಹಬ್ಬಕ್ಕೋ ಹತ್ತಿರದ ಬಂಧುಗಳ ಮದುವೆಗೋ ಮಾತ್ರ ಉಟ್ಟು, ಮಗಳಿಗೆ ದಾಟಿಸುತ್ತಿದ್ದ ಮನೆಗಳೂ ಇದ್ದವು. ಹೀಗೆ ಹೆಣ್ಣೊಬ್ಬಳ ಬಾಳಿನ ಘಟ್ಟಗಳನ್ನು ಅವಳ ವಸ್ತ್ರವೇ ಹೇಳುತ್ತಿತ್ತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬೆಳ್ತಂಗಡಿಯ ಮಲೆಗಳಿಗೆ ಕೇರಳದಿಂದ ಸಿರೋಮಲಬಾರ್ ಕುಟುಂಬಗಳು ಬಂದು ನೆಲಸಿದವು. ಅವರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಆ ತಾಯಂದಿರ ಪೆಟ್ಟಿಗೆಯಲ್ಲಿದ್ದುದು ಮಂತ್ರಕೋಡಿ, ಮದುವೆಯಲ್ಲಿ ಆಶೀರ್ವದಿಸಿ ವಧುವಿಗೆ ಹೊದಿಸುವ ವಸ್ತ್ರ. ಅದರಿಂದಲೇ ತೆಗೆದ ಏಳು ನೂಲುಗಳಲ್ಲಿ ತಾಳಿ ಕಟ್ಟುವುದು ಅವರ ಹಳೆಯ ಸಂಪ್ರದಾಯ. ಭಾಷೆ ಬೇರೆ, ಪೂಜಾವಿಧಿ ಬೇರೆ. ಆದರೆ ಊರು ಬಿಟ್ಟು ಬಂದವಳು ಹಳೆಯ ಮನೆಯ ನೆನಪನ್ನು ಬಟ್ಟೆಯಲ್ಲಿ ಕಾದಿರಿಸಿದ ಬಗೆ ಒಂದೇ.

ರೇಷ್ಮೆ ಮಡಿಕೆಯಲ್ಲಿ ಸೀಳುತ್ತದೆ, ಜರಿ ಕಪ್ಪಾಗುತ್ತದೆ. ಆದುದರಿಂದ ಇಂಥ ವಸ್ತ್ರವುಳ್ಳ ಮನೆಗಳವರು ಅದನ್ನು ಶುಚಿಯಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ, ನೆರಳಿನಲ್ಲಿ ಗಾಳಿಗೆ ಹಾಕಬೇಕು. ಅದಕ್ಕಿಂತ ಮುಖ್ಯವಾಗಿ, ಉಟ್ಟವಳ ಹೆಸರು, ತವರೂರು, ಮದುವೆಯ ವರ್ಷಗಳನ್ನು ಚೀಟಿಯಲ್ಲಿ ಬರೆದು ಜತೆಗಿಡಬೇಕು. ಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಇದು ಆಗಬೇಕಾದ ಕೆಲಸ. ಹೆಸರು ಮರೆತ ಮೇಲೆ ಉಳಿಯುವುದು ಬರಿಯ ಹಳೆಯ ಸೀರೆ.